ಅಕ್ಟೋಬರಿನ ಒಂದು ಅಂಕ

ಕೆಂಪು ಬಟ್ಟೆಯ ಬೈಂಡಿನ ಉದ್ದನೆಯ ಲೆಕ್ಕದ ಪುಸ್ತಕವೊಂದು ನನ್ನ ಹತ್ತಿರ ಇದೆ. 1996ರಲ್ಲಿ ಹುಬ್ಬಳ್ಳಿಯಿಂದ ನಾಗ್ಪುರಕ್ಕೆ ವರ್ಗವಾಗಿ ಬಂದು ಸದರ್‌ನಲ್ಲಿ ಬಾಡಿಗೆ ಮನೆ ಹಿಡಿದ ವಾರವೇ ರೆಸಿಡೆನ್ಸಿ ರೋಡಿನಲ್ಲಿ ಕೊಂಡದ್ದು. ಮನೆಖರ್ಚು ಬರೆದಿಡಬೇಕೆಂದು ತಂದೆ. ಮೊದಲ ನಾಲ್ಕು ಹಾಳೆಗಳಲ್ಲಿ ಹಾಲು, ಅಕ್ಕಿ, ಗ್ಯಾಸಿನ ಲೆಕ್ಕ ಇದೆ. ಐದನೆಯ ಹಾಳೆಯಿಂದ ಮುಂದಕ್ಕೆ ಕರ್ನಾಟಕದ ರಣಜಿ ಸ್ಕೋರು.

ಆಗ ನಮ್ಮ ತಂಡದ ಸುದ್ದಿ ನನಗೆ ತಲುಪುವ ದಾರಿ ಎರಡೇ. ಒಂದು, 'ಹಿತವಾದ' ಪತ್ರಿಕೆಯ ಆಟದ ಪುಟ. ಅದರಲ್ಲಿ ವಿದರ್ಭದ ಪಂದ್ಯಕ್ಕೆ ದೊಡ್ಡ ಜಾಗ, ಉಳಿದ ರಾಜ್ಯಗಳ ಸ್ಕೋರು ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಇನ್ನೊಂದು, ಅಣ್ಣನ ಇನ್‌ಲ್ಯಾಂಡ್ ಪತ್ರ. ಅವ್ವನ ಕಾಲುನೋವು, ಹೊಲದ ಜೋಳ, ಯಾರದೋ ಮದುವೆ ಎಲ್ಲ ಬರೆದು ಮುಗಿದ ಮೇಲೆ, ಗೋಂದು ಹಚ್ಚಿ ಮಡಿಸುವ ಅಂಚಿನಲ್ಲಿ ಜಾಗ ಮಾಡಿಕೊಂಡು ಅಡ್ಡಲಾಗಿ ಬರೆಯುತ್ತಿದ್ದ: ಜೋಶಿ ಐದು ವಿಕೆಟ್, ವಿಜಯ್ ಭಾರದ್ವಾಜ್ ನೂರು. ಪತ್ರ ಬರುವಷ್ಟರಲ್ಲಿ ಆ ಪಂದ್ಯ ಮುಗಿದು ಮುಂದಿನದು ನಡೆಯುತ್ತಿರುತ್ತಿತ್ತು. ಆದರೂ ಓದುವಾಗ ಮೊದಲು ಅಂಚನ್ನೇ ಓದುತ್ತಿದ್ದೆ. ಅವ್ವನಿಗೆ ಇದು ಗೊತ್ತಿರಲಿಲ್ಲ.

ಲಿಬರ್ಟಿ ಟಾಕೀಸಿನ ಚೌಕದ ಹತ್ತಿರ ಪೇಪರ್ ಮಾರುತ್ತಿದ್ದ ಕಾಕಾ ನನಗೆ ಆ ದಿನಗಳಿಂದಲೂ ಪರಿಚಯ. ಈಗ ಅಂಗಡಿ ಅವರ ಮಗನದು, ಕಾಕಾ ಬೆಳಿಗ್ಗೆ ಒಂದು ತಾಸು ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರದು ವಿದರ್ಭ. ವಿದರ್ಭ ರಣಜಿ ಆಡಲು ಶುರು ಮಾಡಿದ್ದು 1957-58ರಲ್ಲಿ. ಮೊದಲ ಕಪ್ ಗೆಲ್ಲಲು ಅರವತ್ತು ವರ್ಷ ಹಿಡಿಯಿತು. ಆ ಅರವತ್ತರಲ್ಲಿ ಹೆಚ್ಚಿನ ಪಾಲನ್ನು ಕಾಕಾ ಸಿವಿಲ್ ಲೈನ್ಸಿನ ವಿಸಿಎ ಮೈದಾನದಲ್ಲಿ ಬಿಸಿಲಿಗೆ ಕೂತು ಕಳೆದವರು. ಸದರ್‌ನಿಂದ ಅಲ್ಲಿಗೆ ನಡೆದೇ ಹೋಗಬಹುದು. 1987ರಲ್ಲಿ ಚೇತನ್ ಶರ್ಮಾ ಅಲ್ಲಿ ನ್ಯೂಜಿಲೆಂಡ್ ಮೇಲೆ ಹ್ಯಾಟ್ರಿಕ್ ಮಾಡಿದ್ದನ್ನು ಕಂಡವರು. ಅವರನ್ನು ಕೇಳಿದರೆ ಆ ಹ್ಯಾಟ್ರಿಕ್ಕಿಗಿಂತ ಹೆಚ್ಚಾಗಿ ಅವರು ಹೇಳುವುದು ಖಾಲಿ ಸ್ಟ್ಯಾಂಡುಗಳಲ್ಲಿ ನೋಡಿದ, ವಿದರ್ಭ ಸೋತ ನವೆಂಬರಿನ ಪಂದ್ಯಗಳನ್ನು.

ನನಗೆ ಅವರು ಹತ್ತಿರವಾದದ್ದು ಅದಕ್ಕೇ. ಫೈನಲ್ ಯಾರಾದರೂ ನೋಡುತ್ತಾರೆ. ಋತುವಿನ ಮೊದಲ ಪಂದ್ಯಗಳಿಗೆ ಬರುವುದಕ್ಕೆ ಬೇರೆಯೇ ಒಂದು ಕಕ್ಕುಲಾತಿ ಬೇಕು. ಆಗಿನ್ನೂ ಅಂಕಪಟ್ಟಿಯಲ್ಲಿ ಎಲ್ಲರ ಎದುರು ಸೊನ್ನೆ. ಹೊಸ ಹುಡುಗನೊಬ್ಬ ಸ್ಲಿಪ್‌ನಲ್ಲಿ ಎಲ್ಲಿ ನಿಲ್ಲಬೇಕೆಂದು ಹಿರಿಯನ ಮುಖ ನೋಡುತ್ತಿರುತ್ತಾನೆ. ಹಿಂದಿನ ವರ್ಷ ತಂಡದಲ್ಲಿದ್ದವನು ಈ ವರ್ಷ ಇಲ್ಲ. ತಂಡವೆಂಬುದು ಕಣ್ಣೆದುರಿಗೇ ಕೂಡಿಕೊಳ್ಳುವುದು ಆ ಹೊತ್ತಿನಲ್ಲಿ.

ಅಣ್ಣನ ಮಗ ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಅಲ್ಲಿ ಬೇಸ್‌ಬಾಲ್ ಹಚ್ಚಿಕೊಂಡಿದ್ದಾನೆ. ಒಂದೊಂದು ತಂಡಕ್ಕೆ ಋತುವಿಗೆ 162 ಪಂದ್ಯ ಅಂತೆ. ಮಾರ್ಚ್ ಕೊನೆಯಲ್ಲಿ ಶುರುವಾದರೆ ಸೆಪ್ಟೆಂಬರ್ ಕೊನೆಯತನಕ ಹೆಚ್ಚುಕಡಿಮೆ ದಿನವೂ ಆಟ. "ಏಪ್ರಿಲ್‌ನಲ್ಲಿ ಸೋತ್ರ ಏನೂ ಆಗಂಗಿಲ್ಲ ಕಾಕಾ, ಆದ್ರೂ ನಿದ್ದಿ ಬರಂಗಿಲ್ಲ" ಅಂದ ಒಮ್ಮೆ ಫೋನಿನಲ್ಲಿ. ಅವನ ಸಂಕಟ ನನಗೆ ಪೂರ್ತಿ ಅರ್ಥವಾಯಿತು. ನಮ್ಮದು ಇನ್ನೂ ಬಿಗಿ. ರಣಜಿಯ ಲೀಗಿನಲ್ಲಿ ನಮ್ಮ ತಂಡಕ್ಕೆ ಸಿಗುವುದು ಏಳೇ ಪಂದ್ಯ, ಅದರಲ್ಲಿ ಐದು ಅಕ್ಟೋಬರ್-ನವೆಂಬರಿನಲ್ಲೇ ಮುಗಿಯುತ್ತವೆ, ಉಳಿದೆರಡು ಜನವರಿಗೆ. ದೀಪಾವಳಿಯ ಹೊತ್ತಿಗೆ ಕಳೆದುಕೊಂಡ ಅಂಕ ಜನವರಿಯಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಇಷ್ಟು ವರ್ಷ ಇಲ್ಲಿದ್ದೂ ನಾನು ಕರ್ನಾಟಕವನ್ನು ಬಿಡಲಿಲ್ಲ, ಕಾಕಾ ಬಿಡಿಸಲೂ ಇಲ್ಲ. 2017ರ ಡಿಸೆಂಬರ್ 21 ನಮ್ಮಿಬ್ಬರ ನಡುವೆ ಬಂದ ಕಷ್ಟದ ದಿನ. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಕರ್ನಾಟಕ-ವಿದರ್ಭ ಸೆಮಿಫೈನಲ್. ಗೆಲ್ಲಲು 198 ಬೇಕಿತ್ತು, ಹಿಂದಿನ ಸಂಜೆಗೆ ನಮ್ಮ ಏಳು ವಿಕೆಟ್ ಹೋಗಿದ್ದವು. ಬೆಳಿಗ್ಗೆ ವಿನಯ್ ಕುಮಾರ್, ಮಿಥುನ್, ಶ್ರೇಯಸ್ ಗೋಪಾಲ್ ಹೊಡೆದೂ ಹೊಡೆದೂ ದಡದ ತನಕ ತಂದರು. ವಿದರ್ಭದ ಗುರ್ಬಾನಿ ಏಳು ವಿಕೆಟ್ ತೆಗೆದ. 192ಕ್ಕೆ ಮುಗಿಯಿತು. ಐದು ರನ್ನಿನ ಸೋಲು. ಮರುದಿನ ಪೇಪರಿಗೆ ಹೋದರೆ ಅಂಗಡಿಯಲ್ಲಿ ಪೇಡೆಯ ಡಬ್ಬಿ ಇತ್ತು, ಬಂದವರಿಗೆಲ್ಲ ಹಂಚುತ್ತಿದ್ದರು. ನನ್ನನ್ನು ಕಂಡ ಕೂಡಲೇ ಕಾಕಾ ಮುಚ್ಚಳ ಹಾಕಿದರು. ಏನೂ ಹೇಳಲಿಲ್ಲ, ಪೇಪರ್ ಮಡಿಸಿ ಕೊಟ್ಟರು. ಹೊಸ ವರ್ಷದ ದಿನ ಇಂದೋರಿನಲ್ಲಿ ದೆಹಲಿಯನ್ನು ಸೋಲಿಸಿ ವಿದರ್ಭ ಕಪ್ ಎತ್ತಿತು. ಆ ಸಂಜೆ ಕಾಕಾ ನಮ್ಮ ಮನೆಗೇ ಬಂದು ನನ್ನ ಬಾಯಿಗೆ ಪೇಡೆ ಇಟ್ಟರು. ಅವರ ಕಣ್ಣು ಒದ್ದೆಯಾಗಿದ್ದವು. ನಾನು ಸಂತೋಷದಿಂದಲೇ ತಿಂದೆ.

ಆಮೇಲೆ ಬಂದದ್ದು ಕರುಣ್ ನಾಯರ್ ಕಥೆ.

ಕರುಣ್ ಹುಟ್ಟಿದ್ದು ಜೋಧಪುರದಲ್ಲಿ, ಮನೆಯವರು ಕೇರಳದ ಮೂಲದವರು, ಬೆಳೆದದ್ದು ಬೆಂಗಳೂರು. 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ 328, 2016ರ ಡಿಸೆಂಬರಿನಲ್ಲಿ ಚೆನ್ನೈ ಟೆಸ್ಟಿನಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303. ಅಂಥವನು ಭಾರತ ತಂಡದಿಂದ ಹೊರಗಾಗಿ, ಕೊನೆಗೆ ಕರ್ನಾಟಕದ ತಂಡದಲ್ಲೂ ಜಾಗವಿಲ್ಲದೆ, ಕ್ರಿಕೆಟನ್ನೇ ಉದ್ದೇಶಿಸಿ ಇನ್ನೊಂದು ಅವಕಾಶ ಕೊಡು ಎಂದು 2022ರ ಡಿಸೆಂಬರಿನಲ್ಲಿ ಬರೆದುಕೊಂಡ. ಓದಿ ನನಗೆ ಅಂದು ಊಟ ಸೇರಲಿಲ್ಲ. ಮುಂದಿನ ಋತುವಿಗೆ ಅವನು ಬಂದದ್ದು ಎಲ್ಲಿಗೆ? ನಾನಿರುವ ಊರಿಗೆ! ಮನೆಯ ಹುಡುಗನೊಬ್ಬ ನನ್ನ ಹಾಗೆಯೇ ಪೆಟ್ಟಿಗೆ ಹಿಡಿದು ನಾಗ್ಪುರದ ಸ್ಟೇಷನ್ನಿನಲ್ಲಿ ಇಳಿದಂತೆ ಅನಿಸಿತು.

2024ರ ಫೆಬ್ರುವರಿಯಲ್ಲಿ ಕ್ವಾರ್ಟರ್‌ಫೈನಲ್ ಆಡಲು ಕರ್ನಾಟಕ ನಾಗ್ಪುರಕ್ಕೇ ಬಂತು. ಎರಡನೆಯ ದಿನ ಕಾಕಾ ಮತ್ತು ನಾನು ಒಟ್ಟಿಗೆ ಹೋದೆವು. ಕರುಣ್ ಬ್ಯಾಟು ಹಿಡಿದು ನಿಂತಿದ್ದ, ಎದುರಿಗೆ ಬೌಲು ಮಾಡುತ್ತಿದ್ದವರು ನಮ್ಮವರು. ಅವನು ಚೆಂಡನ್ನು ಕವರ್ಸ್ ಕಡೆ ತಳ್ಳಿದಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ನನ್ನ ಕೈ ತೊಡೆಯ ಮೇಲೇ ನಿಂತವು. ತೊಂಬತ್ತಕ್ಕೆ ಔಟಾದ. ಕರ್ನಾಟಕದ ಆಟಗಾರರು ಒಂದೆಡೆ ಸೇರಿ ಕುಣಿದರು. ಅವನು ಗ್ಲೌಸ್ ಬಿಚ್ಚುತ್ತ ತಲೆ ತಗ್ಗಿಸಿ ನಡೆದು ಹೋದ. ವಿಕೆಟ್ ಸಿಕ್ಕಿದ್ದು ನಮ್ಮ ತಂಡಕ್ಕೆ, ಎದೆಯಲ್ಲಿ ಹಿಡಿದುಕೊಂಡದ್ದು ಅವನಿಗಾಗಿ. ಎರಡೂ ನಿಜ, ಎರಡನ್ನೂ ಇಟ್ಟುಕೊಂಡೇ ಬಂದೆ. ಪಂದ್ಯವನ್ನು ವಿದರ್ಭ 127 ರನ್‌ಗಳಿಂದ ಗೆದ್ದಿತು.

ಮರುವರ್ಷ ಅವನ ವರ್ಷ. ವಿಜಯ್ ಹಜಾರೆಯಲ್ಲಿ ಐದು ಶತಕ, 779 ರನ್. ಫೈನಲ್‌ನಲ್ಲಿ ಮತ್ತೆ ನಮ್ಮವರೇ ಎದುರು, ಗೆದ್ದವರು ಕರ್ನಾಟಕ. ಆಮೇಲೆ ನಾಗ್ಪುರದ ಹೊರಗಿನ ಜಾಮ್ಠಾ ಮೈದಾನದಲ್ಲಿ ಕೇರಳದ ಎದುರು ರಣಜಿ ಫೈನಲ್. ಮೊದಲು 86, ಆಮೇಲೆ 135. ವಿದರ್ಭಕ್ಕೆ ಮೂರನೆಯ ಕಪ್. ಆ ವರ್ಷ ಪುಸ್ತಕದಲ್ಲಿ ಕರ್ನಾಟಕದ ಸ್ಕೋರಿನ ಪಕ್ಕ ಪೆನ್ಸಿಲಿನಲ್ಲಿ ಕರುಣನ ರನ್ ಕೂಡ ಬರೆಯುತ್ತ ಹೋಗಿದ್ದೇನೆ. ಕರ್ನಾಟಕ ಇಂಕಿನಲ್ಲಿ, ಅವನು ಪೆನ್ಸಿಲಿನಲ್ಲಿ.

2025-26ಕ್ಕೆ ಅವನು ಕರ್ನಾಟಕಕ್ಕೆ ಮರಳಿದ. ಅಕ್ಟೋಬರ್ ಒಂದರಿಂದ ಜಾಮ್ಠಾದಲ್ಲಿ ಇರಾನಿ ಕಪ್. ಎರಡನೆಯ ತಾರೀಕು ದಸರೆ, ದೀಕ್ಷಾಭೂಮಿಗೆ ಬಂದ ಬಿಳಿ ಬಟ್ಟೆಯ ಜನಸಾಗರದಿಂದ ಊರೆಲ್ಲ ತುಂಬಿತ್ತು. ಸಂಜೆ ಕಾಕಾ ಬಂಗಾರವೆಂದು ಆಪ್ಟಾ ಎಲೆ ಕೊಟ್ಟು ತಬ್ಬಿಕೊಂಡರು. ನಮ್ಮಲ್ಲಿ ಬನ್ನಿ ಕೊಟ್ಟು ಬಂಗಾರದಂಗಿರೋಣ ಅನ್ನುತ್ತೇವಲ್ಲ, ಅದೇ. ಆಮೇಲೆ ಮೆಲ್ಲಗೆ "ಆಮ್ಚಾ ಕರುಣ್ ಗೇಲಾ" ಅಂದರು. ಹೋದ, ನಮ್ಮ ಕರುಣ್. ಕೊನೆಯ ದಿನ ಕಸ್ತೂರ್‌ಚಂದ್ ಪಾರ್ಕಿನಲ್ಲಿ ಮೆಟ್ರೊ ಹತ್ತಿ ಖಾಪ್ರಿಗೆ ಹೋಗಿ, ಅಲ್ಲಿಂದ ಆಟೊ ಹಿಡಿದು ಜಾಮ್ಠಾ ತಲುಪಿದೆವು. ವಿದರ್ಭ 93 ರನ್‌ಗಳಿಂದ ಗೆದ್ದಿತು. ಈ ಸಲ ಕಾಕಾ ಡಬ್ಬಿ ತೆರೆದೇ ಇಟ್ಟಿದ್ದರು.

ಹದಿನೈದಕ್ಕೆ ರಾಜಕೋಟಿನಲ್ಲಿ ಸೌರಾಷ್ಟ್ರದ ಎದುರು ನಮ್ಮ ಮೊದಲ ರಣಜಿ ಪಂದ್ಯ. ನಾವು 372. ಪಡಿಕ್ಕಲ್ 96, ಸ್ಮರಣ್ 77, ಕರುಣ್ 73. ಕರುಣನ ಹೆಸರನ್ನು ಇಂಕಿನಲ್ಲಿ ಬರೆದೆ. ಮೂರನೆಯ ದಿನ ದೀಪಾವಳಿಯ ಬಟ್ಟೆಗೆಂದು ಮನೆಯವಳ ಜೊತೆ ರೆಸಿಡೆನ್ಸಿ ರೋಡಿನ ಅಂಗಡಿಯಲ್ಲಿದ್ದೆ. ಅಂಗಡಿಯವನು ಸೀರೆಯ ಮೇಲೆ ಸೀರೆ ಬಿಚ್ಚಿ ಹಾಸುತ್ತಿದ್ದ, ನಾನು ಫೋನು ಒತ್ತುತ್ತಿದ್ದೆ. ಶ್ರೇಯಸ್ ಗೋಪಾಲ್ ಒಬ್ಬನೇ ವಿಕೆಟ್ ಮೇಲೆ ವಿಕೆಟ್ ತೆಗೆಯುತ್ತಿದ್ದ. ಸೌರಾಷ್ಟ್ರದ ಸ್ಕೋರು 360 ದಾಟಿತು. ಎದ್ದು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಸಿಗ್ನಲ್ ಸಿಗದೆ ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇತ್ತು. ನಿಂತಾಗ ನೋಡಿದರೆ 376ಕ್ಕೆ ಆಲೌಟ್. ಶ್ರೇಯಸ್‌ಗೆ ಎಂಟು ವಿಕೆಟ್, ಸೌರಾಷ್ಟ್ರಕ್ಕೆ ನಾಲ್ಕು ರನ್ ಮುನ್ನಡೆ.

ನಾಲ್ಕು ರನ್ ಅಂದರೆ ಬೌಂಡರಿ ಹತ್ತಿರ ಒಬ್ಬನ ಕೈ ಒಂದು ಗೇಣು ತಪ್ಪಿದ್ದು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರಿಗೆ ಮೂರು ಅಂಕ, ಹಿಂದಿದ್ದವರಿಗೆ ಒಂದು. ಡ್ರಾ ಆಯಿತು. ಪುಸ್ತಕದಲ್ಲಿ 'ಅಂಕ' ಎಂಬ ಅಂಕಣದಲ್ಲಿ 1 ಎಂದು ಬರೆದು ಬಹಳ ಹೊತ್ತು ಅದನ್ನೇ ನೋಡಿದೆ. ಮನೆಯವಳು ಹೊಸ ಸೀರೆ ತಂದು ತೋರಿಸಿದಳು, ಬಣ್ಣ ಕಣ್ಣಿಗೆ ಬಿದ್ದದ್ದು ಮರುದಿನ.

ಮುಂದಿನ ಪಂದ್ಯ ಶಿವಮೊಗ್ಗದಲ್ಲಿ, ಗೋವಾ ಎದುರು. ಕರುಣ್ ಔಟಾಗದೆ 174. ಡ್ರಾ, ಮೂರು ಅಂಕ. ಆಮೇಲೆ ರಾಜ್ಯೋತ್ಸವದ ದಿನ ಕೇರಳದಲ್ಲಿ ಪಂದ್ಯ ಶುರು. ಕರುಣ್ 233, ಸ್ಮರಣ್ ಔಟಾಗದೆ 220, ಒಟ್ಟು ಐದು ವಿಕೆಟ್ಟಿಗೆ 586. ಇನಿಂಗ್ಸ್ ಮತ್ತು 164 ರನ್ ಗೆಲುವು. ಸಾದಾ ಗೆಲುವಿಗೆ ಆರು, ಇನಿಂಗ್ಸ್ ಗೆಲುವಿಗೆ ಏಳು. ಪುಣೆಯಲ್ಲಿ ಮಹಾರಾಷ್ಟ್ರದ ಎದುರು 313ಕ್ಕೆ 300. ಈ ಸಲ ಹದಿಮೂರು ರನ್ ಮುನ್ನಡೆ ನಮಗೆ, ಮೂರು ಅಂಕ.

ಅಂಕಣವನ್ನು ಮೇಲಿಂದ ಕೆಳಗೆ ಓದಿಕೊಂಡೆ. ಒಂದು, ಮೂರು, ಏಳು, ಮೂರು. ಐದನೆಯ ಪಂದ್ಯ ಚಂಡೀಗಢದ ಎದುರು, ನವೆಂಬರ್ 16ರಿಂದ, ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ. ಅಣ್ಣ ಫೋನು ಮಾಡಿದ. "ನಾನ ನಾಗ್ಪುರಕ್ಕ ಬರಾಕಾಗಂಗಿಲ್ಲಪಾ, ಮೊಣಕಾಲು ಕೇಳಂಗಿಲ್ಲ. ಆಟನ ಇಲ್ಲಿಗೆ ಬಂದೈತಿ, ನೀ ಬಾ." ಅಂದೇ ರಾತ್ರಿ ಟಿಕೆಟ್ ಮಾಡಿಸಿ, ಪುಣೆಯಲ್ಲಿ ಬಂಡಿ ಬದಲಿಸಿ ಹೋದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಕಾಕಾ ಕೊಟ್ಟ ಸಂತ್ರಾ ಬರ್ಫಿಯ ಡಬ್ಬಿ, ಮತ್ತು ಲೆಕ್ಕದ ಪುಸ್ತಕ.

ಅಣ್ಣನನ್ನು ಆಟೊದಿಂದ ಇಳಿಸಿ, ಕೈ ಹಿಡಿದು, ನೆರಳಿರುವ ಕಡೆ ಕೂರಿಸಿದೆ. ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗರು ಕರುಣಾ, ಕರುಣಾ ಎಂದು ಕೂಗುತ್ತಿದ್ದರು. ಚೆಂಡು ಬ್ಯಾಟಿಗೆ ತಗುಲಿದ ಸದ್ದು ಇಲ್ಲಿ ನೇರ ಕಿವಿಗೆ ಬರುತ್ತಿತ್ತು, ಫೋನಿನ ಚಕ್ರ ತಿರುಗುವುದನ್ನು ಕಾಯಬೇಕಾಗಿರಲಿಲ್ಲ. ಕರುಣ್ ತೊಂಬತ್ತು ದಾಟಿದ. ನನ್ನ ಕೈ ತೊಡೆಯ ಮೇಲಿಂದ ಎದ್ದಿದ್ದವು. ತೊಂಬತ್ತೈದಕ್ಕೆ ಔಟಾದ. ಮೈದಾನವೆಲ್ಲ ಒಂದು ಕ್ಷಣ ಅಯ್ಯೋ ಎಂದು, ಮರುಕ್ಷಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಬೌಂಡರಿ ಗೆರೆ ದಾಟುವವರೆಗೂ ನಾನು ತಟ್ಟುತ್ತಲೇ ಇದ್ದೆ.

ಕೂತ ಮೇಲೆ ಪುಸ್ತಕ ತೆಗೆದೆ. ಅಣ್ಣ ಅದನ್ನು ನೋಡಿದ್ದು ಅದೇ ಮೊದಲು. ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋದ, 1996ರ ತನಕ. ತನ್ನ ಪತ್ರದ ಅಂಚುಗಳಿಂದ ನಾನು ಇಳಿಸಿಕೊಂಡ ಜೋಶಿಯ ಐದು ವಿಕೆಟ್, ಭಾರದ್ವಾಜರ ನೂರು ಅಲ್ಲಿದ್ದವು. ಏನೂ ಮಾತಾಡಲಿಲ್ಲ. ಮತ್ತೆ ಈ ವರ್ಷದ ಹಾಳೆಗೆ ಬಂದು, ನನ್ನ ಜೇಬಿನಿಂದ ಪೆನ್ನು ತಗೊಂಡು, ಅದೇ ಬಾಗಿದ, ಒತ್ತೊತ್ತಾದ ಅಕ್ಷರದಲ್ಲಿ, ಅಡ್ಡಲಾಗಿ ಅಂಚಿನಲ್ಲಿ ಬರೆದ: ಕರುಣ್, ತೊಂಬತ್ತೈದು.