ಮೊಬೈಲಿನ ಮುಂದೆ ಹೊದ್ದ ಸೆರಗು

ಮಳೆಗಾಲದ ಒಂದು ಮಧ್ಯಾಹ್ನ ಬೈಲಕುಪ್ಪೆಯಲ್ಲಿ, ನಾಮ್‌ಡ್ರೋಲಿಂಗ್ ಎಂಬ ಟಿಬೆಟಿಯನ್ ಬೌದ್ಧ ಮಠದ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ. ಪಕ್ಕದ ಕಟ್ಟೆಯ ಮೇಲೆ ಒಬ್ಬ ಹಿರಿಯ ಭಿಕ್ಷು ಕೂತಿದ್ದರು. ಬಲಗೈಯಲ್ಲಿ ಜಪಮಣಿ, ಎಡಗೈಯಲ್ಲಿ ಮೊಬೈಲು. ಹೆಬ್ಬೆರಳು ಪರದೆಯ ಮೇಲೆ ಓಡುತ್ತಿದ್ದರೂ ಮಣಿ ಉರುಳುವುದು ನಿಂತಿರಲಿಲ್ಲ. ನೋಡುತ್ತ ನೋಡುತ್ತ ನನ್ನ ಮನಸ್ಸು ನಮ್ಮ ಚರ್ಚಿನ ಅಂಗಳಕ್ಕೆ ಹೋಯಿತು.

ಹಿಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅಲ್ಲಿ ದೊಡ್ಡ ಚರ್ಚೆ. ಗೀತೆಗಳನ್ನು ಪರದೆಯ ಮೇಲೆ ತೋರಿಸೋಣ ಎಂದು ಹುಡುಗರು. ಗೀತೆಯ ಪುಸ್ತಕ ಕೈಯಲ್ಲಿ ಇಲ್ಲದಿದ್ದರೆ ಹಾಡಿದ ಹಾಗೇ ಆಗುವುದಿಲ್ಲ ಎಂದು ಹಿರಿಯರು. ನಾನು ಎರಡು ಕಡೆಗೂ ತಲೆ ಆಡಿಸಿ ಬಂದಿದ್ದೆ. ಎರಡು ಕಡೆಯ ಮಾತಿನಲ್ಲೂ ಪ್ರೀತಿ ಇತ್ತು.

ಈ ಜಗಳ ಹೊಸದೇನಲ್ಲ. ಪೆನೋರ್ ರಿಂಪೋಚೆಯವರು ಬೈಲಕುಪ್ಪೆಯಲ್ಲಿ ಈ ಮಠಕ್ಕೆ ಅಡಿಪಾಯ ಹಾಕಿದ್ದು 1963ರಲ್ಲಿ. ಅದೇ ವರ್ಷದ ಡಿಸೆಂಬರ್ 4ರಂದು ಅತ್ತ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಒಂದೇ ದಿನ ಎರಡು ಶಾಸನಗಳನ್ನು ಹೊರಡಿಸಿತು. ಒಂದು ಆರಾಧನೆಯದು, ಜನರ ಭಾಷೆಗೆ ಗುಡಿಯ ಬಾಗಿಲು ತೆರೆದದ್ದು. ಇನ್ನೊಂದು ಪತ್ರಿಕೆ, ಸಿನಿಮಾ, ರೇಡಿಯೊ, ಟೀವಿಗಳದು. ಪೂಜೆ ಮತ್ತು ಯಂತ್ರ ಒಂದೇ ದಿನ ಒಂದೇ ಮೇಜಿನ ಮೇಲಿದ್ದವು ಎಂದು ಓದಿದಾಗ ನನಗೆ ಸಮಾಧಾನವಾಯಿತು. ನಮ್ಮ ಅಂಗಳದ ಚರ್ಚೆಗೂ ಒಂದು ವಂಶಾವಳಿ ಇದೆ.

ನನ್ನ ಅಜ್ಜಿ ಲ್ಯಾಟಿನ್ ಪೂಜೆ ಕೇಳಿ ಬೆಳೆದವಳು. ಒಂದು ಪದದ ಅರ್ಥವೂ ಗೊತ್ತಿರಲಿಲ್ಲ, ಆದರೆ ಎಲ್ಲಿ ಮೊಣಕಾಲೂರಬೇಕು, ಎಲ್ಲಿ ಎದೆ ತಟ್ಟಿಕೊಳ್ಳಬೇಕು ಎಂಬುದು ದೇಹಕ್ಕೇ ಗೊತ್ತಿತ್ತು. ಕನ್ನಡದಲ್ಲಿ ಪೂಜೆ ಶುರುವಾದಾಗ ಮೊದಮೊದಲು ಅವಳಿಗೆ ಏನೋ ಕಳೆದುಕೊಂಡಂತೆ ಅನಿಸಿತಂತೆ. ಆಮೇಲೆ ಒಂದು ದಿನ ಗುರುಗಳು ಓದಿದ ಸುವಾರ್ತೆ ಕೇಳಿ, 'ಇಷ್ಟು ದಿನ ದೇವರು ಮಾತಾಡ್ತಿದ್ದ, ನಾನು ಸುಮ್ನೆ ಹೂಂಗುಟ್ತಿದ್ದೆ' ಎಂದಳು. ಹಳೆಯದನ್ನು ಬಿಟ್ಟ ನೋವೂ ಹೊಸದು ಸಿಕ್ಕ ಸಂತೋಷವೂ ಒಂದೇ ಎದೆಯಲ್ಲಿ ಇರಬಹುದು ಎಂದು ನಾನು ಕಲಿತದ್ದು ಅವಳಿಂದ.

1969ರಲ್ಲಿ ರೋಮಿನಿಂದ ಭಾರತದ ಧರ್ಮಸಭೆಗೆ ಹನ್ನೆರಡು ಅಂಶಗಳ ಒಪ್ಪಿಗೆ ಬಂತು. ಪೂಜೆಯಲ್ಲಿ ಆರತಿ ಎತ್ತಬಹುದು, ನೆಲದ ಮೇಲೆ ಕೂರಬಹುದು, ಕೈಜೋಡಿಸಿ ವಂದಿಸಬಹುದು. ಅದರ ಹಿಂದೆ ದುಡಿದವರಲ್ಲಿ ಮುಖ್ಯರಾದ ಅಮಲೋರ್‌ಪವದಾಸರು ಮುಂದೆ ನಮ್ಮ ಮೈಸೂರಿಗೇ ಬಂದು, ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಅಂಜಲಿ ಆಶ್ರಮ ಕಟ್ಟಿದರು. ಆಗ ಆರತಿಯೇ ಹೊಸತು, ಅದಕ್ಕೇ ವಿರೋಧ. ಇಂದು ಆರತಿ ಇಲ್ಲದ ಹಬ್ಬದ ಪೂಜೆ ನಮ್ಮ ಎಷ್ಟೋ ಊರುಗಳಲ್ಲಿ ಸಪ್ಪೆ ಅನಿಸುತ್ತದೆ.

ಇನ್ನೂ ಹಿಂದೆ ಹೋದರೆ ಅಬ್ಬೆ ದುಬಾಯ್ ಸಿಗುತ್ತಾರೆ. ಟಿಪ್ಪು ಬಿದ್ದ ನಂತರ ಶ್ರೀರಂಗಪಟ್ಟಣದ ಸೀಮೆಗೆ ಬಂದ ಫ್ರೆಂಚ್ ಪಾದ್ರಿ. ಇಲ್ಲಿನವರ ಉಡುಪು ಉಟ್ಟು, ಮಾಂಸ ಬಿಟ್ಟು, ಜನರ ಬಾಯಲ್ಲಿ ದೊಡ್ಡಸ್ವಾಮಿ ಆದವರು. ಸಿಡುಬಿಗೆ ಜೆನ್ನರ್ ಕಂಡುಹಿಡಿದ ಉಪಾಯ ಲೋಕಕ್ಕೆ ಗೊತ್ತಾದದ್ದು 1798ರಲ್ಲಿ. 1803–04ರ ಹೊತ್ತಿಗೆ ದೊಡ್ಡಸ್ವಾಮಿಗಳ ಮುತುವರ್ಜಿಯಲ್ಲಿ 25,432 ಜನ ದೇವಿ ಹಾಕಿಸಿಕೊಂಡ ಲೆಕ್ಕ ದಾಖಲೆಯಲ್ಲಿದೆ. ಅದು ಆ ಕಾಲದ ಅತಿ ಹೊಸ ತಂತ್ರ. ಆದರೆ ಆ ಲೆಕ್ಕದ ಒಂದೊಂದು ಅಂಕಿಯ ಹಿಂದೆಯೂ ಒಂದು ಕೈ ಇನ್ನೊಬ್ಬರ ತೋಳು ಹಿಡಿದದ್ದಿದೆ. ನನಗೆ ಒರೆಗಲ್ಲು ಸಿಕ್ಕಿದ್ದು ಇಲ್ಲಿಯೇ. ಹೊಸ ಸಾಧನ ನಮ್ಮನ್ನು ಇನ್ನೊಬ್ಬರ ಮನೆಯವರೆಗೆ ನಡೆಸುತ್ತದೆಯೋ, ಅಥವಾ ಹೋಗದೆ ಇರಲು ನೆಪ ಕೊಡುತ್ತದೆಯೋ? ನಡೆಸಿದರೆ ಅದು ಸೇವೆ.

ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ಕಥೆ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಉಳುವ ರೈತನ ನೇಗಿಲಿಗೆ ಮರದ ವಿಗ್ರಹ ಸಿಕ್ಕಿತು, ಬೊಂಬೆ ಎಂದುಕೊಂಡದ್ದು ಸಂತ ಅಂತೋಣಿಯವರಾಗಿತ್ತು ಎನ್ನುತ್ತಾರೆ. 2019ರಲ್ಲಿ ಆ ಪುಣ್ಯಕ್ಷೇತ್ರಕ್ಕೆ ಬಸಿಲಿಕದ ಗೌರವ ಬಂತು. ಜೂನ್ 13ರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಜಾತಿ ಮತ ಕೇಳುವವರಿಲ್ಲ. ಆದರೆ 2020ರ ಜೂನ್‌ನಲ್ಲಿ ಕೋವಿಡ್‌ನಿಂದಾಗಿ ಜನ ಗುಂಪು ಸೇರುವಂತಿರಲಿಲ್ಲ. ಆ ವರ್ಷ ನಮ್ಮ ಬೀದಿಯ ಅಜ್ಜಿಯೊಬ್ಬರ ಮನೆಯಲ್ಲಿ ಕಂಡದ್ದನ್ನು ನಾನು ಮರೆಯಲಾರೆ.

ಮೊಮ್ಮಗ ಮೊಬೈಲಿನಲ್ಲಿ ಪೂಜೆ ಹಚ್ಚಿ, ಲೋಟಕ್ಕೆ ಒರಗಿಸಿ ಇಟ್ಟಿದ್ದ. ಅಜ್ಜಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಪಕ್ಕದಲ್ಲೊಂದು ಮೇಣದ ಬತ್ತಿ ಹಚ್ಚಿಸಿ, ತಲೆ ಮೇಲೆ ಸೆರಗು ಹೊದ್ದರು. ಅಂಗೈ ಅಗಲದ ಆ ಗಾಜು ಅವರಿಗೆ ಗುಡಿಯ ಹೊಸ್ತಿಲಾಯಿತು. ಯಂತ್ರಕ್ಕೆ ಮರ್ಯಾದೆ ಕಲಿಸಿದ್ದು ಅವರ ಭಕ್ತಿ. ಪರದೆ ಬೇಡ ಎನ್ನುವ ಹಿರಿಯರಿಗೆ ನಾನು ಹೇಳಬೇಕಾದದ್ದು ಇದನ್ನೇ.

ಹುಡುಗರಿಗೂ ಒಂದು ಮಾತಿದೆ. ಪೂಜೆಯಲ್ಲಿ ಪರಮಪ್ರಸಾದದ ಹೊತ್ತು ಬಂದಾಗ ಅಜ್ಜಿ ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೋದರು. ಎದ್ದವರು ಹಾಗೇ ಗೋಡೆ ಹಿಡಿದು ನಿಂತು, 'ಮಗಾ, ಇದನ್ನ ಯಾರು ತಂದ್ಕೊಡ್ತಾರೆ?' ಎಂದರು. 2002ರಲ್ಲಿ ಅಂತರಜಾಲದ ಬಗ್ಗೆ ಬರೆದ ಪತ್ರದಲ್ಲಿ ವ್ಯಾಟಿಕನ್ ಕೂಡ ಅಂತರಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದೇ ಹೇಳಿತ್ತು. ಅಜ್ಜಿ ಆ ಪತ್ರ ಓದಿದವರಲ್ಲ.

ಚರ್ಚಿನ ಬಾಗಿಲುಗಳು ತೆರೆದ ಮೇಲೆ ಗುರುಗಳು ಅಜ್ಜಿಯ ಮನೆಗೆ ನಡೆದುಕೊಂಡೇ ಹೋದರು. ಹೊರಡುವ ಮೊದಲು ಮೊಮ್ಮಗನಿಗೆ ಫೋನ್ ಮಾಡಿ ತಿಳಿಸಿದ್ದರು. ಹಾಗಾಗಿ ಅವರು ಹೋಗುವಷ್ಟರಲ್ಲಿ ಅಜ್ಜಿ ಸೆರಗು ಹೊದ್ದು ಬಾಗಿಲಲ್ಲೇ ಕಾಯುತ್ತಿದ್ದರು.