ಗಿರಿಗದ್ದೆಯ ದಾರಿಯಲ್ಲಿ ಮೇಷ್ಟ್ರು ಕಾಣಲಿಲ್ಲ

"ಸೌದೆ ತರೋಕೆ ಬೆಟ್ಟಕ್ಕೆ ಹೋಗು ಅಂದ್ರೆ ಹೋಗ್ತಿರಲಿಲ್ಲ. ಈಗ ದುಡ್ಡು ಖರ್ಚು ಮಾಡ್ಕೊಂಡು ಬೆಟ್ಟ ಹತ್ತೋಕೆ ಹೊರಟಿದ್ದೀಯಾ?"

ಅಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ದೊಡ್ಡನೆಕ್ಕುಂದಿಯಲ್ಲಿ ಗೌಡನ ರೂಮಿನಲ್ಲಿ ಕೂತು ಬ್ಯಾಗ್ ತುಂಬುತ್ತಿದ್ದೆ. ಅದು 2019ರ ಜನವರಿ. ಡಿಪ್ಲೊಮಾ ಒಟ್ಟಿಗೆ ಓದಿದ ನಾವು ನಾಲ್ವರು ಎರಡು ದಿನದ ಕುಮಾರಪರ್ವತ ಚಾರಣಕ್ಕೆ ಹೊರಟಿದ್ದೆವು. ನಾನು ಜಿಲ್ಲೆಯಿಂದ ಸುದ್ದಿ ಕಳಿಸುವವನು. ಗೌಡ ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಭಾಯಿ ಮದುವೆ ಫೋಟೊ ತೆಗೆಯುತ್ತಾನೆ. ನಾಲ್ಕನೆಯವನು ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕ. ನಮಗೆ ಅವನು ಮೇಷ್ಟ್ರು.

ಮಾರತಹಳ್ಳಿಯಿಂದ 335ಇ ಬಸ್ ಹಿಡಿದು ಮೆಜೆಸ್ಟಿಕ್‌ಗೆ ಹೋದೆವು. ಅಲ್ಲಿಂದ ರಾತ್ರಿ ಬಸ್. ಬೆಳಗಾಗುವಾಗ ಕುಕ್ಕೆ ಸುಬ್ರಹ್ಮಣ್ಯ. ಕುಮಾರಧಾರಾ ನದಿಯಲ್ಲಿ ಮುಖ ತೊಳೆದೆವು. ನಾವು ಹತ್ತಬೇಕಿದ್ದ ಬೆಟ್ಟದಲ್ಲೇ ಹುಟ್ಟುವ ನದಿ ಅದು. ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ದೇವಸ್ಥಾನದ ಹಾದಿಯಲ್ಲಿ ಇಡ್ಲಿ ತಿಂದೆವು. ಮೇಷ್ಟ್ರು ಮಾತ್ರ "ಹಸಿವಿಲ್ಲ" ಎಂದು ಕಾಫಿ ಕುಡಿದ. ನಾವ್ಯಾರೂ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಕುಮಾರಪರ್ವತದ ಎತ್ತರ 1712 ಮೀಟರ್. ಮೊದಲ ದಿನ ತುದಿಗೆ ಹೋಗುವುದಿಲ್ಲ, ಗಿರಿಗದ್ದೆಯ ಭಟ್ಟರ ಮನೆ ತನಕ ಮಾತ್ರ. "ಆರೇಳು ಕಿಲೋಮೀಟರ್ ತಾನೆ, ನಾನು ದಿನಾ ಎಷ್ಟು ಮಹಡಿ ಹತ್ತಿ ಇಳೀತೀನಿ ಗೊತ್ತಾ?" ಎಂದ ಗೌಡ. ಲಿಫ್ಟ್ ಬಳಸಲು ಬಿಡದ ಅಪಾರ್ಟ್‌ಮೆಂಟುಗಳ ಪುಣ್ಯ.

ಆದರೆ ಕಾಡಿನ ದಾರಿ ಮಹಡಿ ಮೆಟ್ಟಿಲಲ್ಲ. ಶುರುವಿನಿಂದಲೇ ಏರು. ಮರದ ಬೇರುಗಳೇ ಮೆಟ್ಟಿಲು, ಅವುಗಳ ಮೇಲೆ ಒಣಗಿದ ಎಲೆ, ಕಾಲಿಟ್ಟರೆ ಜಾರುತ್ತದೆ. ಮರಗಳು ಒತ್ತಾಗಿರುವುದರಿಂದ ಗಾಳಿ ಆಡುವುದಿಲ್ಲ. ಅರ್ಧ ಗಂಟೆಯಲ್ಲಿ ಅಂಗಿ ಹಿಂಡುವಂತಾಯಿತು. ಬಯಲುಸೀಮೆಯ ನಮಗೆ ಬಿಸಿಲು ಗೊತ್ತು, ಈ ಸೆಕೆ ಗೊತ್ತಿಲ್ಲ.

ಭೀಮನ ಬಂಡೆ ಎಂಬ ದೊಡ್ಡ ಕಲ್ಲಿನ ಹತ್ತಿರ ಎಲ್ಲರೂ ಕೂತೆವು. ಮೇಷ್ಟ್ರು ಕೊನೆಯಲ್ಲಿ ಬಂದ. ಅವನು ಬರುವಷ್ಟರಲ್ಲಿ ನಾವು ಸುಧಾರಿಸಿಕೊಂಡಿದ್ದೆವು. ಅವನು ಬ್ಯಾಗ್ ಇಳಿಸಿದ, ನಾವು ಎದ್ದೆವು. ಈಗ ಯೋಚಿಸಿದರೆ ತಪ್ಪು ಆದದ್ದು ಅಲ್ಲೇ. ಬೇಗ ನಡೆಯುವವನಿಗೆ ಹೆಚ್ಚು ವಿಶ್ರಾಂತಿ, ನಿಧಾನ ನಡೆಯುವವನಿಗೆ ವಿಶ್ರಾಂತಿಯೇ ಇಲ್ಲ.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಎದುರಿಗೆ ಬೆಟ್ಟದ ಸಾಲು. ಭಾಯಿ ಫೋಟೊ ತೆಗೆಯುತ್ತಾ ನಿಂತ. ಹಿಂತಿರುಗಿ ನೋಡಿದರೆ ಮೇಷ್ಟ್ರು ಇಲ್ಲ. ಹತ್ತು ನಿಮಿಷ ಕಾದೆವು, ಕೂಗಿದೆವು. ಉತ್ತರವಿಲ್ಲ. ಫೋನಿಗೆ ಸಿಗ್ನಲ್ ಇಲ್ಲ.

"ಚಾರಣಕ್ಕೆ ತೆರಳಿದ್ದ ಯುವಕ ನಾಪತ್ತೆ." ಇಂಥ ಸಾಲನ್ನು ಬರೆದು ಕಳಿಸಿ ಊಟಕ್ಕೆ ಎದ್ದವನು ನಾನು. ಅವತ್ತು ಆ ಸಾಲು ನನ್ನ ಎದೆ ಮೇಲೇ ಕೂತಿತು. ಮೇಷ್ಟ್ರ ಹೆಂಡತಿಗೆ ಏನೆಂದು ಫೋನ್ ಮಾಡಲಿ? 'ಸ್ನೇಹಿತರಿಂದ ಬೇರ್ಪಟ್ಟು' ಎಂದು ಎಷ್ಟು ಸಲೀಸಾಗಿ ಬರೆಯುತ್ತೇವೆ. ಬೇರ್ಪಟ್ಟವನು ಅವನಲ್ಲ, ಬಿಟ್ಟು ಬಂದವರು ನಾವು.

ಬ್ಯಾಗುಗಳನ್ನು ಭಾಯಿ ಹತ್ತಿರ ಬಿಟ್ಟು ನಾನೂ ಗೌಡನೂ ಕೆಳಗೆ ಇಳಿದೆವು. ಸುಮಾರು ಇಪ್ಪತ್ತು ನಿಮಿಷ ಇಳಿದ ಮೇಲೆ ದಾರಿ ಪಕ್ಕದ ಮರಕ್ಕೆ ಒರಗಿ ಕೂತಿದ್ದ. ತುಟಿ ಒಣಗಿತ್ತು, ಬಾಟಲಿ ಖಾಲಿ. ಶೂ ಬಿಚ್ಚಿದ್ದ. ಎರಡೂ ಹೆಬ್ಬೆರಳ ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗಿತ್ತು.

"ಕೂಗಬಾರದಿತ್ತೇನೋ?" ಎಂದು ಗೌಡ ರೇಗಿದ.

"ಕೂಗಿದೆ ಕಣೋ. ದನಿ ಬರಲಿಲ್ಲ."

ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಬಾಳೆಹಣ್ಣು ತಿನ್ನಿಸಿದೆವು. ಅವನ ಬ್ಯಾಗನ್ನು ಗೌಡ ಹೊತ್ತ. ಗೌಡನ ಚಪ್ಪಲಿ ಅವನ ಕಾಲಿಗೆ. ಆಮೇಲೆ ಮೇಷ್ಟ್ರು ಮುಂದೆ, ನಾವು ಹಿಂದೆ. ಅವನು ನಿಂತರೆ ನಾವೂ ನಿಂತೆವು. ಹಾಗೆ ನಡೆದು ಗಿರಿಗದ್ದೆ ಮುಟ್ಟಿದಾಗ ಬಿಸಿಲು ಇಳಿದಿತ್ತು.

ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. ಅಷ್ಟು ರುಚಿಯಾದ ಊಟ ನಾನು ಯಾವ ಮದುವೆಯಲ್ಲೂ ಉಂಡಿಲ್ಲ. ನಾವು ಒಂದು ದಿನ ಏದುಸಿರು ಬಿಟ್ಟು ಬಂದ ಜಾಗದಲ್ಲಿ ಒಂದು ಸಂಸಾರ ಬದುಕು ಕಟ್ಟಿಕೊಂಡಿದೆ ಎನ್ನುವುದು ಕೈ ತೊಳೆಯುವಾಗ ಹೊಳೆಯಿತು.

ರಾತ್ರಿ ಮೇಷ್ಟ್ರು ಬಾಯಿಬಿಟ್ಟ. ನಾಲ್ಕು ತಿಂಗಳಿಂದ ಗೌರವಧನ ಬಂದಿರಲಿಲ್ಲ. ಶೂ ತಮ್ಮನದು, ಒಂದು ಸೈಜ್ ಚಿಕ್ಕದು. ಬಸ್ ಚಾರ್ಜಿಗೆ ಸಾಲ ಮಾಡಿದ್ದ. ಬೆಳಗ್ಗೆ ಇಡ್ಲಿ ಬೇಡ ಎಂದದ್ದೂ ಅದಕ್ಕೇ.

"ಹೇಳೋಕೇನಾಗಿತ್ತು?"

"ವರ್ಷಕ್ಕೊಂದು ಸಲ ಸೇರ್ತೀವಿ. ನನ್ನಿಂದ ಕೆಡಬಾರದು ಅನ್ನಿಸ್ತು."

ಯಾರೂ ಮಾತಾಡಲಿಲ್ಲ. ಊರೂರು ಸುತ್ತಿ ಜನರ ಕಷ್ಟ ಕೇಳಿ ಬರೆಯುವ ನಾನು, ಪಕ್ಕದಲ್ಲಿ ಕೂತ ಗೆಳೆಯನಿಗೆ 'ಊಟ ಆಯ್ತಾ' ಎಂದೂ ಕೇಳಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯುವಕನೊಬ್ಬ ಇದೇ ಬೆಟ್ಟದಲ್ಲಿ ಗುಂಪಿನಿಂದ ತಪ್ಪಿಹೋಗಿ, ಕೊನೆಗೆ ನೀರಿನ ಪೈಪಿನ ಜಾಡು ಹಿಡಿದು ಸುಬ್ರಹ್ಮಣ್ಯಕ್ಕೆ ಇಳಿದು ಬಂದ. ಆ ಸುದ್ದಿ ಓದುವಾಗ ನನ್ನ ಕೈ ತಣ್ಣಗಾಗಿತ್ತು. 2024ರ ಜನವರಿಯಲ್ಲಿ ಅಲ್ಲಿ ಜನಜಾತ್ರೆಯೇ ಆದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿದೆ. ಒಳ್ಳೆಯದೇ ಆಯಿತು. ಆದರೆ ನಿಮ್ಮ ಗುಂಪಿನಲ್ಲಿ ಹಿಂದೆ ಉಳಿದವರು ಯಾರು ಎಂದು ಇಲಾಖೆ ನೋಡುವುದಿಲ್ಲ, ನೀವೇ ನೋಡಬೇಕು. ನಿಧಾನ ನಡೆಯುವವರನ್ನು ಮುಂದೆ ಬಿಡಿ. ಅವರು ಕೂತು ಸುಧಾರಿಸಿಕೊಂಡ ಮೇಲೇ ನೀವು ಏಳಿ.

ಮರುದಿನ ಗೌಡ, ಭಾಯಿ ತುದಿಗೆ ಹೋದರು. ನಾನು ಮೇಷ್ಟ್ರ ಜೊತೆ ಗಿರಿಗದ್ದೆಯಲ್ಲೇ ಉಳಿದೆ.

ಊರಿಗೆ ಬಂದಾಗ ಅಮ್ಮ ಕೇಳಿದಳು, "ತುದಿ ಮುಟ್ಟಿದ್ಯಾ?"

"ಇಲ್ಲಮ್ಮ, ಮೇಷ್ಟ್ರಿಗೆ ಕಾಲು ನೋವಿತ್ತು."

"ಅವನ್ನ ಒಬ್ಬನ್ನೇ ಬಿಡಲಿಲ್ಲ ತಾನೆ?"

ಏನು ಹೇಳಬೇಕೆಂದು ತೋಚದೆ ಬ್ಯಾಗ್ ಬಿಚ್ಚತೊಡಗಿದೆ.