ದೀಪ ದೊಡ್ಡದು ಮಾಡುವುದು

ನಮ್ಮ ವಾನಳ್ಳಿಯ ಮನೆಯಲ್ಲಿ ದೀಪ ‘ಆರಿಸು’ ಎನ್ನುವಂತಿಲ್ಲ. ‘ದೊಡ್ಡದು ಮಾಡು’ ಎನ್ನಬೇಕು. ಆರುವುದೆಂದರೆ ಮನೆಯ ಬಾಳಿಗೇ ತಾಗುವ ಮಾತಂತೆ. ಮಳೆಗಾಲದಲ್ಲಿ ಕರೆಂಟಿಲ್ಲದ ರಾತ್ರಿ ಚಿಮಣಿ ಬುಡ್ಡಿಯನ್ನು ಉಫ್ ಎಂದು ಊದಬಹುದಿತ್ತು. ದೇವರ ದೀಪಕ್ಕೆ ಮಾತ್ರ, “ಬಾಯಲ್ಲಿ ಊದಡ ಕೂಸೆ, ಎಂಜಲಾಗ್ತು” ಎಂದು ಆಯಿ ಹೂವಿನಿಂದ ಬತ್ತಿಯನ್ನು ಮೆಲ್ಲಗೆ ಎಣ್ಣೆಗೆ ಸರಿಸುತ್ತಿದ್ದಳು.

ಮೊನ್ನೆ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮಗಳ ಐದನೇ ಹುಟ್ಟುಹಬ್ಬ. ಕೇಕಿನ ಮೇಲಿನ ಐದೂ ಮೇಣದಬತ್ತಿಗಳನ್ನು ಒಂದೇ ಉಸಿರಿಗೆ ಊದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಯಿ ಗೋಡೆ ನೋಡುತ್ತಿದ್ದಳು. ಆಮೇಲೆ ಆರತಿ. “ಮುತ್ತೈದೆಯರು ಬನ್ನಿ” ಎಂದು ಕರೆದವಳು ನಾನೇ. ಅಪ್ಪ ಹೋದ ಮೇಲೆ ಆ ಕರೆ ಆಯಿಗಲ್ಲ. ಸದ್ದಿಲ್ಲದೆ ಒಳಗೆ ಹೋದಳು.

ಊರಲ್ಲಿ ದಿನಾ ಸಂಜೆ ದೇವರಿಗೆ ದೀಪ ಹಚ್ಚುವವಳು ಅವಳೇ. ದೇವರಿಗೆ ಸಲ್ಲುವ ಕೈ ಮೊಮ್ಮಗಳಿಗೆ ಸಲ್ಲದೆ? ಒಂದು ದೀಪಕ್ಕೆ ಕೆಟ್ಟ ಮಾತು ತಾಗದಿರಲೆಂದು ಶಬ್ದವನ್ನೇ ಬದಲಿಸಿಕೊಂಡ ಜನ ನಾವು!

ಆರತಿ ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ.

“ಬ್ಯಾಡದೇ, ಜನ ಎಂತ ಹೇಳ್ತ?”

“ಹೇಳ್ಲಿ ಬಿಡು.”

ಬಂದಳು. ಆರತಿ ಎತ್ತುವಾಗ ಕೈ ನಡುಗಿತು. ಬಂದವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಮಗಳು ಮಾತ್ರ ಅಜ್ಜಿಯನ್ನೇ ನೋಡುತ್ತಿದ್ದಳು.

ರಾತ್ರಿ ನೋಡಿದರೆ, ಆಯಿ ಆ ಐದು ಮೇಣದಬತ್ತಿಗಳಿಗೆ ಅಂಟಿದ್ದ ಕ್ರೀಮನ್ನು ತೊಳೆದು, ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

“ಊರಿಗೆ ಒಯ್ತಿ. ಕರೆಂಟು ಹೋದಾಗ ಬೇಕಾಗ್ತು.”